ಬೀಗ ಹಾಕಿದ ಮನೆಗೆ ರಿಯಾಯಿತಿ ಇಲ್ಲ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕುಮಟಾದ ತೆರಿಗೆ ಕಚೇರಿಯಿಂದ ಫೋನ್ ಬಂತು. ಸೇನೆಯಲ್ಲಿರುವ ನನ್ನ ತಮ್ಮ ಅಲ್ಲಿ ಮನೆ ಕೊಂಡಿದ್ದ. ಸೈನಿಕರಿಗಿರುವ ಅರ್ಧ ಮನೆತೆರಿಗೆಯ ರಿಯಾಯಿತಿಗೆ ಅವನ ಪರವಾಗಿ ನಾನು ಅರ್ಜಿ ಹಾಕಿದ್ದೆ. ಪ್ರಮಾಣಪತ್ರ ಸರಿಯಿದೆ, ಆದರೆ ಮನೆಗೆ ಬೀಗವಿದೆ, ಮನೆಯವರು ವಾಸವಿದ್ದರೆ ಮಾತ್ರ ರಿಯಾಯಿತಿ, ನಾಳೆ ನೋಡಲು ಬರುತ್ತೇನೆ ಎಂದರು ಗುಮಾಸ್ತರು.

ಬೀಗ ಹಾಕಿಸಿದವಳು ಅಮ್ಮ. ಕೊಂಡವನೇ ಬಂದು ಹಾಲು ಉಕ್ಕಿಸಬೇಕು, ಅಲ್ಲಿಯವರೆಗೆ ಒಲೆ ಹಚ್ಚಬಾರದು ಎಂದು ಅವಳ ಹಟ. ತಮ್ಮನ ರಜೆ ಎರಡು ಸಲ ತಪ್ಪಿತ್ತು. ಅಮ್ಮನೂ ನಾನೂ ಬೆಳಕೆ ಊರಿನ ಬಾಡಿಗೆ ಮನೆಯಲ್ಲೇ ಉಳಿದಿದ್ದೆವು.

ಅಂದು ನಾನು ಬಿಡಲಿಲ್ಲ. ನಿನ್ನ ಶಾಸ್ತ್ರದಿಂದ ಅವನ ಹಕ್ಕು ಹೋಗುತ್ತದೆ ಎಂದೆ.

"ಕಾಲೇಜು ಕಲಿತವಳು ನೀನು. ಆತು, ಸಾಮಾನು ಹೇರು," ಎಂದಳು.

ನೆರೆಯವರ ಮೀನಿನ ಟೆಂಪೋ ಸಿಕ್ಕಿತು. ಪಾತ್ರೆ, ಚಾಪೆ, ಕೊಡಗಳನ್ನು ಹಿಂದೆ ಹೇರಿ ಅಮ್ಮ ಚಾಲಕನ ಪಕ್ಕ ಕೂತಳು. ನಾನು ಹಿಂದಿನಿಂದ ಸ್ಕೂಟರಿನಲ್ಲಿ ಹೊರಟೆ. ಹೊನ್ನಾವರದ ಸೇತುವೆಯ ಮೇಲೆ ಮಳೆ ಹಿಡಿಯಿತು. ಕರ್ಕಿ ದಾಟಿದ ಮೇಲೆ, ರಸ್ತೆಗಾಗಿ ಕಡಿದ ಗುಡ್ಡದ ತಿರುವಿನಲ್ಲಿ, ಕೆಂಪು ಮಣ್ಣು ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಟೆಂಪೋ ಇದ್ದಲ್ಲಿ ಮಣ್ಣಿತ್ತು. ಅದರ ಮೇಲೆ ನಮ್ಮ ನೀಲಿ ಕೊಡವೊಂದು ಉರುಳಿ ನಿಂತಿತು.

ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದೆ. ಬೀಗದ ಕೈ ನನ್ನ ಚೀಲದಲ್ಲೇ ಉಳಿಯಿತಲ್ಲ, ಅಮ್ಮ ಮನೆಯೊಳಗೆ ಹೇಗೆ ಹೋಗುತ್ತಾಳೆ ಎಂದು ಯೋಚಿಸಿದೆ. ಅಷ್ಟೇ ಯೋಚಿಸಿದ್ದು.

ಸುಮಾರು ಹೊತ್ತಿನ ಮೇಲೆ ಚಾಲಕನ ಫೋನಿನಿಂದ ಅಮ್ಮ ಮಾತಾಡಿದಳು. "ಎಂತದೂ ಆಗ್ಲಿಲ್ಲ ಮಗಾ. ಕೊಡ ಒಂದು ಬಿದ್ದೋಯ್ತು." ಟೆಂಪೋ ಅಷ್ಟರಲ್ಲಿ ಆಚೆ ದಾಟಿತ್ತು, ಮಣ್ಣು ಅದರ ಹಿಂದಿನ ಚಕ್ರಕ್ಕೆ ತಾಗಿ ನಿಂತಿತ್ತಂತೆ.

ರಸ್ತೆ ಮುಚ್ಚಿತು. ನಾನು ಬೆಳಕೆಗೆ ಮರಳಿದೆ. ಅಮ್ಮ ಅದೇ ಟೆಂಪೋದಲ್ಲಿ ಕುಮಟಾ ತಲುಪಿ, ಚಾಲಕನಿಂದ ಕಲ್ಲಿನಲ್ಲಿ ಬೀಗ ಒಡೆಸಿ, ತಾನೇ ಹಾಲು ಉಕ್ಕಿಸಿ, ಮರುದಿನ ಗುಮಾಸ್ತರಿಗೆ ಚಹಾ ಕೊಟ್ಟಳಂತೆ. ರಿಯಾಯಿತಿ ಮಂಜೂರಾಯಿತು. ರಸ್ತೆ ತೆರೆದ ಮೇಲೆ ನಾನೂ ಅಲ್ಲಿಗೆ ಹೋದೆ. ಆದೇಶದ ಕಾಗದವನ್ನು ಮಡಚಿ ಡಬ್ಬಿಯಲ್ಲಿಟ್ಟೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ; ಕಣ್ಣು ಮುಚ್ಚಿದರೆ ಆ ತಿರುವು, ಆ ಕೊಡ. ಅವಸರ ಮಾಡಿದವಳು ನಾನು.

ದೀಪಾವಳಿಗೆ ತಮ್ಮ ಬಂದ. ಅಮ್ಮ ಅವನ ಕೈಯಲ್ಲಿ ಮತ್ತೆ ಹಾಲು ಉಕ್ಕಿಸಿದಳು. ಬಾಗಿಲಿಗೆ ಹೊಸ ಬೀಗ ಯಾಕಿಲ್ಲ ಎಂದು ಅವನು ಕೇಳಿದ.

"ಎಂತಕ್ಕೆ? ನಾನು ಇಲ್ಲೇ ಇದ್ದೇನಲ್ಲ."

ಅಂದು ರಾತ್ರಿ ಅವಳ ಪಕ್ಕ ಚಾಪೆ ಹಾಸಿಕೊಂಡೆ. ಎಚ್ಚರವಾದಾಗ ಬೆಳಗಾಗಿತ್ತು.