ತುಟಿ ಮೇಷ್ಟ್ರ ತಕರಾರು

ಆ ಬೀದಿಯವರೆಲ್ಲ ಅವನನ್ನು ತುಟಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಪಾಠ ಹೇಳಿದವನೇನಲ್ಲ. ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ಡಿಸ್ಕಿಗೆ ಇಳಿಸಿಕೊಡುವುದು ಅವನ ಕಸುಬು. ಮಾತಿಗೂ ತುಟಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಗಿರಾಕಿಗೇ ಬೈದು, ಮತ್ತೆ ಮೊದಲಿಂದ ಮಾಡುವುದು ಅವನ ರೋಗ. ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಊರಲ್ಲಿ ಈ ಕೆಲಸ ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ಜನ ಬೈಸಿಕೊಂಡೇ ಬರುತ್ತಿದ್ದರು.

ಆ ಮಧ್ಯಾಹ್ನ ಬಂದವಳು ಅವನ ಒಡಹುಟ್ಟಿದ ಅಕ್ಕ. ಮೂರು ವರ್ಷದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಸಾಯುವ ಮುಂಚೆ ಅಮ್ಮ ಮನೆಯನ್ನು ಮಗಳಿಗೆ ಬಿಟ್ಟೆ ಅಂತ ಹೇಳಿದ ವಿಡಿಯೋ ಅಕ್ಕನ ಹತ್ತಿರವಿತ್ತು. ಅದು ಅಮ್ಮನ ಮಾತೇ ಅಲ್ಲ, ಆಮೇಲೆ ಅಂಟಿಸಿದ್ದು ಅಂತ ತಮ್ಮ ಕೋರ್ಟಿಗೆ ಹೋಗಿದ್ದ. ಅವನ ಅಂಗಡಿ ಇದ್ದದ್ದೂ ಅದೇ ಮನೆಯ ಮುಂದಿನ ಕೋಣೆಯಲ್ಲಿ. ಸೋತರೆ ಗಂಟುಮೂಟೆ ಕಟ್ಟಬೇಕಿತ್ತು.

"ಕೋರ್ಟಿನವ್ರು ಡಿಸ್ಕಲ್ಲಿ ಕೊಡಿ ಅಂದಿದ್ದಾರೆ. ಮಾಡ್ಕೊಡು," ಅಂದಳು ಅಕ್ಕ.

"ನನ್ನ ಕೈಯಲ್ಲೇ ಮಾಡಿಸ್ತೀಯಾ? ನಾಚಿಕೆ ಆಗಲ್ವಾ?"

"ನಿನ್ನ ಕೈಯಲ್ಲೇ ಮಾಡಿಸ್ಬೇಕು. ನೀನೇ ಮಾಡಿದ್ದನ್ನ ನೀನೇ ಸುಳ್ಳು ಅಂತ ಹೇಗಂತೀಯೋ ನೋಡ್ತೀನಿ."

ಕಿಲಾಡಿ ಹೆಂಗಸು. ಆದರೆ ಅವನಿಗೂ ಅದೇ ಬೇಕಿತ್ತು. ವಕೀಲರ ಫೋನಿನಲ್ಲಿ ಒಮ್ಮೆ ಕಂಡದ್ದು ಬಿಟ್ಟರೆ ಆ ವಿಡಿಯೋ ಅವನ ಕೈಗೆ ಸಿಕ್ಕಿರಲಿಲ್ಲ. ಕಳ್ಳತನ ಹಿಡಿಯುವ ಆತುರದಲ್ಲಿ ದಡಬಡನೆ ಡಿಸ್ಕ್ ಮಾಡಿ ಟೀವಿಗೆ ಹಾಕಿದ. ಅಕ್ಕ ಸ್ಟೂಲು ಎಳೆದುಕೊಂಡು ಅವನ ಬೆನ್ನಿಗೇ ಕೂತಳು. ಮಂಚದ ಮೇಲೆ ಕೂತ ಅಮ್ಮ ಇಪ್ಪತ್ತು ನಿಮಿಷ ಏನೇನೋ ಹೇಳಿ ಕೊನೆಗೆ ಹೇಳಿದಳು: "ಈ ಮನೆ ನನ್ನ ಮಗಳಿಗೆ. ಮಗನಿಗೆ ಬೇಡ."

ತುಟಿ ಮುಚ್ಚಿದ ಮೇಲೆ ಮಾತು ಬಂತು. ಅವನು ಎದ್ದು ನಿಂತ.

"ಕಣ್ಣು ಬಿಟ್ಟು ನೋಡು! ಅಂಟಿಸಿದ್ದೀಯ, ಕಳ್ಳಿ! ಇದನ್ನೇ ಕೋರ್ಟಲ್ಲಿ ಹಾಕು, ನಾನು ನಗ್ತಾ ಕೂತಿರ್ತೀನಿ."

ಅಕ್ಕನ ಮುಖ ಕಪ್ಪಿಟ್ಟಿತು. "ಅಮ್ಮನ ಆಣೆ ಕಣೋ, ನಾನೇನೂ ಮಾಡಿಲ್ಲ," ಅಂದಳು. ಅವಳ ದನಿ ಇಳಿದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಹಾಲು ಕುಡಿದಷ್ಟು ಸಂತೋಷವಾಯಿತು.

ಇನ್ನೊಮ್ಮೆ ಸವಿಯೋಣವೆಂದು ಹಿಂದಕ್ಕೆ ಓಡಿಸಿದ. ಕೈ ತಪ್ಪಿ ತುಂಬಾ ಹಿಂದೆ ಹೋಯಿತು. ಅಮ್ಮ ಲೋಟ ಕೆಳಗಿಟ್ಟಳು. ಸದ್ದು ಸ್ವಲ್ಪ ತಡವಾಯಿತು. ಇನ್ನೂ ಹಿಂದಕ್ಕೆ ಓಡಿಸಿದ, ಅಲ್ಲಿ ಅಮ್ಮ ಕೆಮ್ಮಿದಳು. ಆ ಸದ್ದೂ ತಡ, ಆದರೆ ಲೋಟದ್ದಕ್ಕಿಂತ ಕಡಿಮೆ. ಯಾವ ಕಳ್ಳನೂ ಕೆಮ್ಮನ್ನು ಅಂಟಿಸುವುದಿಲ್ಲ. ಅಂಟಿಸಿದ್ದಾದರೆ ಒಂದೇ ಕಡೆ ತಪ್ಪುತ್ತದೆ. ಇದು ಮೊದಲಿಂದ ಚೂರುಚೂರೇ ಜಾರಿತ್ತು. ಫೋನು ಒಂದು ಸೆಕೆಂಡಿಗೆ ಹೆಚ್ಚು ಚಿತ್ರ, ಇನ್ನೊಂದಕ್ಕೆ ಕಡಿಮೆ ಹಿಡಿಯುತ್ತದೆ. ಡಿಸ್ಕಿಗೆ ಒಂದೇ ಲೆಕ್ಕ ಬೇಕು. ಮೊದಲು ಅದನ್ನು ಸರಿಮಾಡಿಕೊಳ್ಳದಿದ್ದರೆ ಮಾತು ಬರಬರುತ್ತಾ ತುಟಿಗಿಂತ ಹಿಂದೆ ಬೀಳುತ್ತದೆ. ನೂರು ಗಿರಾಕಿಗಳಿಗೆ ಹೇಳಿದ್ದನ್ನು ಇವತ್ತು ಸಿಟ್ಟಿನಲ್ಲಿ ತಾನೇ ಮರೆತಿದ್ದ.

ಅಕ್ಕನಿಗೆ ಇದೊಂದೂ ಗೊತ್ತಾಗುವ ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮನೆ ಅವನದೇ. ಆದರೆ ಟೀವಿಯಲ್ಲಿ ಅಮ್ಮನ ತುಟಿ ಒಂದು ಕಡೆ, ಮಾತು ಒಂದು ಕಡೆ. ಅದನ್ನು ನೋಡಲು ಅವನಿಂದ ಆಗಲಿಲ್ಲ, ಹಾಳು ರೋಗ.

"ಕೊಡು ಆ ಫೋನು."

"ಅಳಿಸಿ ಹಾಕ್ತೀಯ. ಕೊಡಲ್ಲ."

"ದರಿದ್ರದವಳೇ, ತಪ್ಪು ನಂದು! ಸರಿ ಮಾಡ್ತೀನಿ, ಕೊಡು."

ತುಟಿ ಮುಚ್ಚುವ ಅಕ್ಷರಗಳನ್ನು ಹಿಡಿದೇ ದನಿ ಕೂರಿಸಬೇಕು: ಪ, ಬ, ಮ. ಇಪ್ಪತ್ತು ನಿಮಿಷದಲ್ಲಿ ಅವು ಒತ್ತಾಗಿ ಸಿಕ್ಕಿದ್ದು ಆ ಕೊನೆಯ ಮಾತಿನಲ್ಲೇ. ಮನೆ. ಮಗಳಿಗೆ. ಮಗನಿಗೆ. ಬೇಡ. ಸರಿಮಾಡಿದಾಗಲೆಲ್ಲ ಅದನ್ನೇ ಕೇಳಬೇಕಾಯಿತು, ಮೂವತ್ತು ಸಲವಾದರೂ. ಮೊದಮೊದಲು ಹಲ್ಲು ಕಡಿದ. ಆಮೇಲೆ ಸುಮ್ಮನೆ ನೋಡಿದ. ಕೊನೆಗೆ ತುಟಿಗೆ ಮಾತು ಕೂತಿತು. ಅಮ್ಮ ನೆಟ್ಟಗೆ ಅವನನ್ನೇ ನೋಡುತ್ತಾ, ತಡವರಿಸದೆ ಹೇಳಿದಳು.

"ಸರಿ ಆಯ್ತಾ?" ಅಂದಳು ಅಕ್ಕ.

"ಆಯ್ತು. ಅಮ್ಮನೇ ಹೇಳಿರೋದು." ಡಿಸ್ಕನ್ನು ಅವಳ ಮಡಿಲಿಗೆ ಎಸೆದ. "ನಡಿ ಆಚೆಗೆ. ನಿನ್ನ ಮುಖ ನೋಡೋಕಾಗಲ್ಲ."

ಅವಳು ಹೋದ ಮೇಲೆ ಅವನು ಅಂಗಡಿಯ ವೈರುಗಳನ್ನು ಒಂದೊಂದಾಗಿ ಕಿತ್ತು ಸುತ್ತಿಡತೊಡಗಿದ.