ಅಂಗೈಯಲ್ಲಿದ್ದ ಸುಣ್ಣ

೧೧ ಫೆಬ್ರುವರಿ ೧೯೭೯, ಭಾನುವಾರ. ಆಧಾರ: ಅಂದು ಬಸವನ ಬಾಗೇವಾಡಿಯಲ್ಲಿ ಇಂಡಿ ಮತ್ತು ಸಿಂದಗಿ ತಂಡಗಳ ನಡುವೆ ನಡೆದ ಕಬಡ್ಡಿ ಅಂತಿಮ ಪಂದ್ಯದ ಅಂಕಪುಸ್ತಕ, ತೀರ್ಪುಗಾರರ ಸ್ವಹಸ್ತದ್ದು. ಅವರು ಈಗಿಲ್ಲ, ಪುಸ್ತಕ ಮುದ್ದೇಬಿಹಾಳದಲ್ಲಿ ಅವರ ಮಗಳ ಮನೆಯಲ್ಲಿದೆ. ತಾರೀಖಿಗೂ ವಾರಕ್ಕೂ ಹೊಂದುತ್ತದೆಯೇ ಎಂಬುದನ್ನು ಹಳೆಯ ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಇಂಡಿಯವರು ಅದನ್ನು ಎಂಬತ್ತರ ಪಂದ್ಯವೆನ್ನುತ್ತಾರೆ, ಸಿಂದಗಿಯವರು ಎಪ್ಪತ್ತೆಂಟರದು ಎನ್ನುತ್ತಾರೆ. ಇಬ್ಬರದೂ ತಪ್ಪು.

ಈ ಶೋಧಕ್ಕೆ ಕಾರಣ ನನ್ನ ಬಾಲ್ಯದ ಗೆಳೆಯ, ಝಳಕಿಯ ರೈತ. ಆ ಪಂದ್ಯದಲ್ಲಿ ಇಂಡಿಯ ಕೊನೆಯ ದಾಳಿ ಅವನದು. ಈ ವರ್ಷ ಬಾಗೇವಾಡಿಯಲ್ಲಿ ಹಳೆಯ ಆಟಗಾರರನ್ನು ಸನ್ಮಾನಿಸಲು ಹೊರಟಾಗ ಸಿಂದಗಿಯ ಹಿರಿಯ ಅಭಿಮಾನಿಯೊಬ್ಬರು ತಕರಾರು ತೆಗೆದರು. ಇಂಡಿ ಗೆದ್ದದ್ದು ಆಟದಿಂದಲ್ಲ, ಅವರ ಜನ ಅಂಗಳಕ್ಕೆ ನುಗ್ಗಿ ತೀರ್ಪುಗಾರರನ್ನು ಹೆದರಿಸಿದ್ದರಿಂದ ಎಂಬುದು ಅವರ ವಾದ. ಗೆಳೆಯ ನನ್ನ ಮನೆಗೆ ಬಂದು ನಿಂತೇ ಹೇಳಿದ: “ನೀ ಜಲ್ಮ ಪೂರಾ ಕಾಗದಾನ ಓದೀದಿ. ನಾ ಗೆರಿ ಮುಟ್ಟಿದ್ದು ಖರೆ ಅಂತ ಒಂದ ಕಾಗದ ಹುಡಿಕಿ ಕೊಡು. ಇಲ್ಲಂದ್ರ ಆ ಶಾಲು ನನಗ ಬ್ಯಾಡ.”

ಅಂದಿನ ಅಭಿಮಾನಿಗಳು ಸಭ್ಯರಾಗಿದ್ದರೆಂದು ನಾನು ಬರೆಯಲಾರೆ. ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ನಿಂತು ಬರುತ್ತಿದ್ದೆವು. ಬಿದಿರುಗಳುವಿನಿಂದ ಎದುರಾಳಿಗಳ ತಲೆಯ ಪಟಕಾ ಎಗರಿಸಿ, ಅದನ್ನೇ ಬಾವುಟ ಮಾಡಿಕೊಂಡು ಊರಿಗೆ ಮರಳುತ್ತಿದ್ದೆವು. ನಮ್ಮ ಟ್ರೇಲರಿನಲ್ಲಿ ಕನ್ನಡಕದವನು ನಾನೊಬ್ಬನೇ ಆಗಿದ್ದರಿಂದ ಸಿಂದಗಿಯವರು ನನ್ನನ್ನು ಮಾಸ್ತರ ಎಂದು ಕಿಚಾಯಿಸುತ್ತಿದ್ದರು. ಕಲ್ಲು, ಚಪ್ಪಲಿಗಳಿಗಿಂತ ಕುಟಿಲವಾದ ಇನ್ನೊಂದು ವಿದ್ಯೆಯೂ ಇತ್ತು. ಅಂಗಳದ ಅಂಚಿನಲ್ಲಿ ಕುಳಿತವರು ಕುಳಿತಲ್ಲಿಂದಲೇ ಅಂಗುಲ ಅಂಗುಲವಾಗಿ ಮುಂದೆ ಜರುಗಿ, ಸುಣ್ಣದ ನಡುಗೆರೆಯ ತುದಿಯನ್ನು ಬಟ್ಟೆಯಲ್ಲೇ ಒರೆಸಿಬಿಡುತ್ತಿದ್ದರು. ಗೆರೆಯಿಲ್ಲದ ಮೇಲೆ, ಮರಳಿ ಬಂದ ದಾಳಿಗಾರ ಅದನ್ನು ಮುಟ್ಟಿದನೆಂದು ಯಾರು ಹೇಳಬೇಕು?

ಅಂದು ಇಂಡಿ ಇಪ್ಪತ್ತೊಂದು, ಸಿಂದಗಿ ಇಪ್ಪತ್ತಮೂರು. ಕೊನೆಯ ದಾಳಿಗೆ ಹೋದ ಗೆಳೆಯನನ್ನು ಮೂವರು ಕೆಡವಿದರು. ಮೂವರನ್ನೂ ಎಳೆದುಕೊಂಡು ಅವನು ನಡುಗೆರೆಯತ್ತ ತೆವಳಿದ. ಅವನ ಮುಂದಿದ್ದ ಗೆರೆಯ ತುದಿ ಅಳಿಸಿಹೋಗಿತ್ತು. ಆಚೆ ಉಳಿದಿದ್ದ ಗೆರೆಗೆ ಓರೆಯಾಗಿ ಕೈ ಚಾಚಿದ. ಅಷ್ಟರಲ್ಲಿ ಸೀಟಿ, ಧೂಳು, ಜನ. ಸೀಟಿ ಮೊದಲೋ ಜನ ಮೊದಲೋ ಎಂಬುದೇ ನಾಲ್ಕು ದಶಕಗಳ ಜಗಳ.

ಮುದ್ದೇಬಿಹಾಳದಲ್ಲಿ ಆ ಪುಟ ತೆರೆದೆ. “ಮೂವರು ಹಿಡಿದಿದ್ದರು. ಅಂಗೈ ತಿರುವಿ ನೋಡಿದೆ, ಹಸಿ ಸುಣ್ಣವಿತ್ತು. ಮೂರು ಅಂಕ. ಸೀಟಿ ಊದಿದೆ. ನಂತರ ಜನ ನುಗ್ಗಿದರು.” ಆ ‘ನಂತರ’ ಎಂಬ ಪದವನ್ನು ನಾಲ್ಕು ಸಲ ಓದಿದೆ. ಎರಡೂ ಬದಿಯ ಜೆರಾಕ್ಸ್ ಮಾಡಿಸಿಕೊಂಡು, ಮೂಲ ಪುಸ್ತಕವನ್ನೂ ಎರವಲು ಪಡೆದು ನೇರ ಬಾಗೇವಾಡಿಯ ಬಸ್ಸು ಹತ್ತಿದೆ.

ಸಭೆಯಲ್ಲಿ ನಾನು ಓದಿ ಮುಗಿಸಿದಾಗ ಸಿಂದಗಿಯ ಹಿರಿಯರು ಪುಸ್ತಕ ಕೇಳಿ ಪಡೆದು, ಎರಡು ಸಲ ಓದಿ, ಶಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಸುಣ್ಣ ಇತ್ತಂದ್ರ ಇತ್ತರಿ,” ಎಂದರು. “ಆದ್ರ ಅವತ್ತ ನಿಮ್ಮ ಮಂದಿ ನನ್ನ ಪಟಕಾ ಒಯ್ದಾರ. ಅದನ್ನೂ ಬರದಾರೇನ ನೋಡ್ರಿ.”

ಸನ್ಮಾನದ ಶಾಲು, ಪೇಟ ತೊಡಿಸುತ್ತಲೇ ಗೆಳೆಯ ಆ ಪೇಟವನ್ನು ತೆಗೆದು ಅವರ ತಲೆಗಿಟ್ಟ. “ತಗೋರಿ ಕಾಕಾ, ವಾಪಸ್ ಬಂತು. ಬಡ್ಡಿ ಕೇಳಬ್ಯಾಡ್ರಿ.”

ಎರಡೂ ತಾಲ್ಲೂಕಿನವರು ಸೇರಿ ಅವನನ್ನು ಹೆಗಲ ಮೇಲೆ ಎತ್ತಿದರು. ಒಂದು ಕೈಯಿಂದ ಶಾಲು ಹಿಡಿದುಕೊಂಡು, ಇನ್ನೊಂದು ಅಂಗೈಯನ್ನು ಅಗಲವಾಗಿ ತೆರೆದು ಅವನು ಸಭೆಗೆಲ್ಲ ತೋರಿಸಿದ. ನನ್ನ ಯಾವ ಪ್ರಬಂಧಕ್ಕೂ ಅಂಥ ಚಪ್ಪಾಳೆ ಬಿದ್ದಿಲ್ಲ.

ಮರುದಿನ ಕಡತಕ್ಕೆ ಸೇರಿಸುವಾಗ ಜೆರಾಕ್ಸಿನ ಹಿಂಬದಿಯನ್ನು ಓದಿದೆ. “ಎರಡು ಸಲ ಎಚ್ಚರಿಕೆ ಕೊಟ್ಟೆ. ನಡುಗೆರೆಯ ತುದಿ ಅಳಿಸಿದವರು ಇಂಡಿಯ ಕಡೆಯವರೇ. ಕನ್ನಡಕದ ಹುಡುಗ ಏಳಲೊಲ್ಲ.”

ಗೆರೆ ಅಳಿಸಿದ್ದು ಸಿಂದಗಿಯವರೆಂದು ನಾನು ಇಷ್ಟು ವರ್ಷ ಪ್ರಮಾಣಪೂರ್ವಕವಾಗಿ ಹೇಳುತ್ತ ಬಂದಿದ್ದೆ. ಗೆಳೆಯನಿಗೆ ಫೋನು ಮಾಡಿ ಸಾಲುಗಳನ್ನು ಓದಿ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

“ಗೊತ್ತಿತ್ತು ಬಿಡೊ. ಬರೂಮುಂದ ಟ್ರೇಲರದಾಗ ನಿನ್ನ ಪ್ಯಾಂಟಿನ ಸುಣ್ಣಾ ಝಾಡಿಸಿದಾಂವ ನಾನ.”

ನನ್ನ ದಿನಚರಿಯ ಅದೇ ತಾರೀಖಿನ ಪುಟದಲ್ಲಿ “ಚಹಾದಂಗಡಿಯ ಕಟ್ಟೆಯಿಂದ ಪಂದ್ಯ ನೋಡಿದೆ, ಅಂಗಳದ ಹತ್ತಿರ ಹೋಗಲಿಲ್ಲ” ಎಂದಿದೆ. ಆ ಪುಟದ ಶಾಯಿ ಹಿಂದಿನ ಪುಟದ್ದಲ್ಲ, ಮೂರು ದಿನಗಳ ನಂತರದ ಪುಟದ್ದು; ಅಂದರೆ ಬರೆದದ್ದು ಅಂದಲ್ಲ. ಅಂಕಪುಸ್ತಕವನ್ನು ಅಂಗಳದಲ್ಲೇ ಬರೆಯಲಾಗಿದೆ.