ಹನ್ನೊಂದನೇ ಸಾಲಿನಿಂದ ಕೆಳಗೆ

ಇಳಕಲ್ಲಿನ ಪೇಂಟರ್ ರಾಜಮಹ್ಮದನಿಗೆ ಇಂಗ್ಲಿಷ್ ಓದಲು ಬಾರದೆಂಬುದು ಅವನ ಹೆಂಡತಿ ಮಕ್ತುಮಬಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಗಿರಾಕಿಗಳು ಕೊಟ್ಟ ಚೀಟಿಯಲ್ಲಿದ್ದ ಅಕ್ಷರಗಳನ್ನು ಹೂವು ಬಳ್ಳಿಯ ಚಿತ್ರ ತೆಗೆದಂತೆ ನೋಡಿ ನೋಡಿ ತೆಗೆದಿದ್ದ. ತಪ್ಪು ತೋರಿಸಿದವರು ಇಲ್ಲ. ತೋರಿಸಿದ್ದರೆ ಜಗಳಕ್ಕೇ ಬೀಳುತ್ತಿದ್ದ.

ಕಮತಗಿಯ ಹೈಸ್ಕೂಲೊಂದರ ಗೋಡೆಗೆ ಮೂವತ್ತು ಇಂಗ್ಲಿಷ್ ನುಡಿಗಟ್ಟು, ಎದುರಿಗೆ ಕನ್ನಡದ ಅರ್ಥ ಬರೆಯಬೇಕಿತ್ತು. ಒಂದು ಬಣ್ಣ ಮುಗಿಯದೆ ಇನ್ನೊಂದು ಡಬ್ಬಿ ತೆರೆಯುವವನಲ್ಲ ಅವನು. ಸೋಮವಾರ ಇಂಗ್ಲಿಷನ್ನೆಲ್ಲ ನೀಲಿಯಲ್ಲಿ ಬರೆದ. ಮಂಗಳವಾರ ಕನ್ನಡದ ಅರ್ಥಗಳಿಗೆ ಕೆಂಪು ಹಿಡಿದ. ಹತ್ತು ಸಾಲಾಗುವಷ್ಟರಲ್ಲಿ ರಟ್ಟೆ ಸೋತು ಹೋಯಿತು. ಏಣಿ ಇಳಿದು ಕೂತ, ನೀರು ಕುಡಿದ, ಮತ್ತೆ ಹತ್ತಿದ. ಎಲ್ಲ ಮುಗಿದಾಗ ಕಟ್ಟಕಡೆಯ ಸಾಲಿನ ಎದುರು ಜಾಗ ಖಾಲಿ! ಹನ್ನೊಂದನೆಯ ಅರ್ಥವನ್ನು ಹಾರಿಸಿದ್ದ. ಅಲ್ಲಿಂದ ಕೆಳಗೆ ಪ್ರತಿ ಅರ್ಥವೂ ಮೇಲಿನ ಸಾಲಿಗೆ ಹೋಗಿ ಕೂತಿತ್ತು.

ಸುಣ್ಣ ಬಳಿದು ಇಪ್ಪತ್ತು ಸಾಲು ಮತ್ತೆ ಬರೆಯುವವರು ಯಾರು? ಗೋಡೆ ಯಾರು ಓದುತ್ತಾರೆ? ಬಿಟ್ಟ ಅರ್ಥವನ್ನು ಆ ಖಾಲಿ ಜಾಗದಲ್ಲಿ ಗೀಚಿ ಬಸ್ಸು ಹತ್ತಿದ.

ಬುಧವಾರ ಏಣಿ ಒಯ್ಯಲು ಬಂದರೆ, ಗೋಡೆಯ ಮುಂದೆ ಹುಡುಗಿಯರ ಸಾಲು. ಅವನ ಹಾಗೆಯೇ ನೋಡಿ ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು.

"ಪೀಸ್ ಆಫ್ ಕೇಕ್ ಅಂದ್ರ ಸಾಯೋದು!" ಸುಲ್ತಾನಾ ಎಂಬ ಹುಡುಗಿ ಗಟ್ಟಿಯಾಗಿ ಓದಿದಳು.

"ಹಂಗಾದ್ರ ನಿನ್ನ ಬರ್ತ್‌ಡೇಕ್ಕ ನಾ ಬರಂಗಿಲ್ಲವಾ," ಎಂದಳು ಪಕ್ಕದವಳು.

ರಾಜಮಹ್ಮದ ನಗಲಿಲ್ಲ. ಏಣಿ ಹೆಗಲಿಗೇರಿಸಿ ಗೇಟಿನ ತನಕ ಹೋದ. ಸಂಜೆಗೆ ಈ ಮಕ್ಕಳು ಮನೆಯಲ್ಲಿ ಕೂತು ಈ ತಪ್ಪನ್ನೇ ಬಾಯಿಪಾಠ ಮಾಡುತ್ತವಲ್ಲ! ದಡಕ್ಕನೆ ತಿರುಗಿದ.

"ಬರೀಬ್ಯಾಡ್ರಿ! ಪೆನ್ ಕೆಳಗ ಇಡ್ರಿ ಅಂದ್ರ ಇಡ್ರಿ!"

ಹಿಂದಿನ ದಿನ ತರಬೇತಿಗೆಂದು ಬಾಗಲಕೋಟೆಗೆ ಹೋಗಿದ್ದ ಇಂಗ್ಲಿಷ್ ಟೀಚರು ಕುಮುದಿನಿ ಹೊರಗೆ ಬಂದರು. "ಯಾಕ್ರಿ ಪೇಂಟರ್, ಹುಡುಗ್ಯಾರ ಮ್ಯಾಲೆ ಒದರ್ತೀರಿ?"

"ಹನ್ನೊಂದರಿಂದ ಕೆಳಗ ಎಲ್ಲಾ ತಪ್ಪೈತ್ರಿ ಅಕ್ಕಾರ. ಗೊತ್ತಿದ್ದೂ ಬಿಟ್ಟೇನಿ. ರಟ್ಟಿ ಸೋತಿತ್ತು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮತ್ತ, ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನೀವು ಓದಿ ಹೇಳ್ರಿ, ಒಂದೊಂದ ಸಾಲು ಬರೀತೇನಿ."

ಕುಮುದಿನಿ ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಬೈಯಲಿಲ್ಲ. ಒಳಗಿನಿಂದ ಕುರ್ಚಿ ತರಿಸಿಕೊಂಡು ಏಣಿಯ ಬುಡದಲ್ಲಿ ಕೂತರು.

ತಪ್ಪು ಅರ್ಥಗಳ ಮೇಲೆ ಬಳಿದ ಸುಣ್ಣ ಒಣಗುವಷ್ಟರಲ್ಲಿ ಮಧ್ಯಾಹ್ನ. ಅವರು ಓದಿ ಅರ್ಥ ಹೇಳುವುದು, ಅವನು ಕುಂಚ ಅದ್ದುವುದು. ಇಪ್ಪತ್ತಮೂರನೆಯದಕ್ಕೆ ಬಂದಾಗ ಬೆರಳುಗಳು ಕುಂಚ ಹಿಡಿಯದಾಗಿದ್ದವು.

"ಕಾಲ್ ಇಟ್ ಎ ಡೇ," ಎಂದರು ಕುಮುದಿನಿ. "ಇವತ್ತಿಗೆ ಸಾಕು ಅಂತ ಕೆಲಸ ಬಿಡೋದು."

"ಇಂಗ್ಲಿಷ್‌ನ್ಯಾಗೂ ಇಂಥಾ ಶಾಣ್ಯಾ ಮಾತ ಅದಾವೇನ್ರಿ?" ಎಂದ ರಾಜಮಹ್ಮದ. ಆ ಸಾಲು ಬರೆದ. ಕೆಳಗಿಳಿದು ರಟ್ಟೆ ಒತ್ತಿಕೊಂಡ. ಮತ್ತೆ ಏಣಿ ಹತ್ತಿ, ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ.

"ಮುಂದಿಂದು ಓದ್ರಿ."